ಮೂರನೇ ನಂಬರಿನ ಎರಡು ಬಿಲ್ಲೆ

"ಇದನ್ನ ಎಲ್ಲಾದ್ರೂ ನೋಡಿದೀರಾ ಯಜಮಾನ್ರೇ?"

ನಿಧಾನಪ್ಪ ಜೇಬಿನಿಂದ ಒಂದು ಹಿತ್ತಾಳೆ ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟ. ಬಿಸ್ಕತ್ತಿನಷ್ಟು ಅಗಲ, ಮೇಲ್ತುದಿಯಲ್ಲಿ ಒಂದು ತೂತು, ನಟ್ಟನಡುವೆ ಮೂರು ಎಂಬ ಅಂಕಿ.

ಫೈರ್ ಸ್ಟೇಷನ್ನಿನಲ್ಲಿ ಎಲ್ಲರೂ ಮೀಸೆ ಎಂದೇ ಕರೆಯುವ ಆಳು ಅದನ್ನು ನೋಡಿದ. ಆಮೇಲೆ ಗೋಡೆ ನೋಡಿದ. ಗೋಡೆಗೆ ಹೊಡೆದ ಮರದ ಹಲಗೆಯಲ್ಲಿ ಐದು ಕೊಕ್ಕೆಗಳಿದ್ದವು, ಐದರಲ್ಲೂ ಬಿಲ್ಲೆಗಳು ನೇತಾಡುತ್ತಿದ್ದವು. ಮೂರನೆಯ ಕೊಕ್ಕೆಯಲ್ಲೂ ಮೂರನೇ ನಂಬರಿನದೇ ಇತ್ತು.

"ನಮ್ಮಲ್ಲಿರೋ ಥರಾನೇ ಇದೆ," ಎಂದ ಮೀಸೆ.

"ಥರ ಏನು ಬಂತು, ನಿಮ್ಮದೇ. ದೊಡ್ಡಣ್ಣನ ಪ್ಯಾಂಟ್ ಜೇಬಲ್ಲಿ ಸಿಕ್ಕಿದ್ದು. ಬಾಚಣಿಗೆ, ಬೀಗದ ಕೈ, ಒಂದು ಕರ್ಚೀಫು, ಜೊತೆಗೆ ಇದು. ಪೊಲೀಸ್ ಠಾಣೆಯಲ್ಲಿ ಹನ್ನೆರಡು ದಿನದಿಂದ ಒಂದು ಕವರಲ್ಲಿ ಬಿದ್ದಿತ್ತು. ಯಾರೂ ಬಿಚ್ಚಿ ನೋಡಿರ್ಲಿಲ್ಲ."

ನಿಧಾನಪ್ಪ ಕುರ್ಚಿ ಎಳೆದುಕೊಂಡು ಕೂತ. ಮೊಣಕಾಲು ಕಟಕ್ಕೆಂದಿತು. ಬೆಳಗಿನಿಂದ ಎರಡು ಬಸ್ಸು, ಪೊಲೀಸ್ ಠಾಣೆ, ನಗರಸಭೆ ಕಚೇರಿ, ಮತ್ತೆ ಬಸ್ಸು. ಈ ವಯಸ್ಸಿನಲ್ಲಿ ಇದೆಲ್ಲ ತನಗೆ ಬೇಕಿತ್ತೇ ಎಂದು ಅವನು ದಿನಕ್ಕೊಮ್ಮೆಯಾದರೂ ಕೇಳಿಕೊಳ್ಳುತ್ತಿದ್ದ. ಇವತ್ತು ಆಗಲೇ ಮೂರು ಸಲ ಕೇಳಿಕೊಂಡಾಗಿತ್ತು.

ನಿಧಾನಪ್ಪ ಎಂಬುದು ಪೊಲೀಸ್ ಇಲಾಖೆಯಲ್ಲಿದ್ದಾಗ ಸಹೋದ್ಯೋಗಿಗಳು ಇಟ್ಟ ಹೆಸರು. ಬೇರೆಯವರು ಮೂರು ಕೇಸು ಮುಗಿಸುವ ಹೊತ್ತಿಗೆ ಇವನದು ಒಂದು ಮುಗಿಯುತ್ತಿತ್ತು. ನಿವೃತ್ತನಾಗಿ ನಾಲ್ಕು ವರ್ಷವಾದರೂ ಹೆಸರು ಇವನನ್ನು ಬಿಟ್ಟಿರಲಿಲ್ಲ. ಈಗ ಈ ವಿಮಾನ ನಿಲ್ದಾಣದ ಸಾವಿನ ವಿಚಾರಣೆಗೆ ನಗರಸಭೆ ಇವನನ್ನೇ ನೇಮಿಸಿತ್ತು.

ನಿಲ್ದಾಣ ನಗರಸಭೆಯದು, ನಡೆಸುವುದು ಒಂದು ಖಾಸಗಿ ಕಂಪನಿ. ಹತ್ತು ವರ್ಷದಿಂದ ಹೀಗೇ ನಡೆದುಬಂದಿತ್ತು. ಒಂದು ಬಲ್ಬು ಹೋದರೂ ನಗರಸಭೆಯವರು ಅದು ಕಂಪನಿಯ ಕೆಲಸ ಎನ್ನುತ್ತಿದ್ದರು. ಕಂಪನಿಯವರು ಕರಾರಿನ ಪುಟ ತೆಗೆದು ಅದು ನಗರಸಭೆಯ ಕೆಲಸ ಎಂದು ತೋರಿಸುತ್ತಿದ್ದರು. ಅಷ್ಟು ಹೊತ್ತೂ ಜನ ಕತ್ತಲಲ್ಲಿ ಸೂಟ್‌ಕೇಸು ಹುಡುಕುತ್ತಿದ್ದರು. ಬಲ್ಬಿನ ಕತೆಯೇ ಹೀಗಾದರೆ ಹೆಣದ ಕತೆ ಕೇಳುವುದೇ ಬೇಡ.

ಹೆಣ ದೊಡ್ಡಣ್ಣನದು. ಇಲ್ಲಿನ ಫೈರ್ ಸ್ಟೇಷನ್ನಿನ ಮುಖ್ಯಸ್ಥ. ಹನ್ನೆರಡು ದಿನಗಳ ಹಿಂದೆ ಬೆಳಗಿನ ಆರು ಇಪ್ಪತ್ತಕ್ಕೆ ರನ್‌ವೇ ತುದಿಯ ಹುಲ್ಲಿನಲ್ಲಿ ಸಿಕ್ಕಿದ್ದ, ಯಾವುದೋ ಗಾಡಿ ಗುದ್ದಿತ್ತು. ಮೊದಲು ನೋಡಿದವನು ರನ್‌ವೇ ಮೇಲೆ ಹಕ್ಕಿ ಓಡಿಸುವ ಜೀಪಿನ ಡ್ರೈವರ್, ಗುಬ್ಬಿ. ಅವನ ಜೀಪಿನ ಮುಂಭಾಗ ಸೊಟ್ಟಗಾಗಿತ್ತು. ಆ ಹೊತ್ತಿನಲ್ಲಿ ರನ್‌ವೇ ಮೇಲೆ ಬೇರೆ ಗಾಡಿಯೇ ಇರಲಿಲ್ಲ. ಪೊಲೀಸರು ಗುಬ್ಬಿಯನ್ನು ಎತ್ತಿಕೊಂಡು ಹೋದರು.

ಇವತ್ತು ಸಂಜೆ ಐದಕ್ಕೆ ನಗರಸಭೆಯ ಸಭೆ. ಗುಬ್ಬಿಯೇ ಅಪರಾಧಿ ಎಂದು ಕಂಪನಿ ಬರೆದ ವರದಿಯನ್ನು ಅಲ್ಲಿ ಒಪ್ಪುತ್ತಾರೆ, ಕರಾರನ್ನು ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸುತ್ತಾರೆ, ನಿಧಾನಪ್ಪನ ಫೈಲು ಕಟ್ಟಿ ಅಟ್ಟಕ್ಕೆ ಹಾಕುತ್ತಾರೆ. ನಾಳೆ ಬೆಳಿಗ್ಗೆ ಪೊಲೀಸರು ಗುಬ್ಬಿಯ ಮೇಲೆ ಕೊಲೆ ಆರೋಪ ಹೊರಿಸುತ್ತಾರೆ.

ಗೋಡೆಯ ಗಡಿಯಾರದಲ್ಲಿ ಗಂಟೆ ಮೂರಾಗಿತ್ತು.

"ಹಾಗಾದ್ರೆ ಆ ಕೊಕ್ಕೆಯಲ್ಲಿ ಇರೋದು ಯಾವ್ದು?" ನಿಧಾನಪ್ಪ ಕೇಳಿದ.

"ಅದು ಹೊಸಾದು ಸಾರ್. ದೊಡ್ಡಣ್ಣನ ಜಾಗಕ್ಕೆ ಹೊಸಬ ಬಂದ್ನಲ್ಲ, ಅವ್ನಿಗೆ ಅಂತ ಮಾಡ್ಸಿದ್ದು."

"ಹೊಸಬ ಬಂದು ಎಷ್ಟು ದಿನ ಆಯ್ತು?"

"ಒಂಬತ್ತು."

ನಿಧಾನಪ್ಪ ಎದ್ದು ಹೋಗಿ ಕೊಕ್ಕೆಯಿಂದ ಬಿಲ್ಲೆ ಬಿಡಿಸಿಕೊಂಡು ಬಂದ. ಎರಡನ್ನೂ ಮೇಜಿನ ಮೇಲೆ ಜೋಡಿಸಿಟ್ಟು ಕನ್ನಡಕ ಏರಿಸಿದ. ಅವಸರವೇ ಇಲ್ಲದವನ ಹಾಗೆ ಒಂದೊಂದನ್ನೇ ತಿರುಗಿಸಿ ನೋಡಿದ. ಮೀಸೆ ನಿಂತಲ್ಲೇ ಕಾಲು ಬದಲಾಯಿಸಿದ.

ಸತ್ತವನ ಜೇಬಿನಲ್ಲಿದ್ದ ಬಿಲ್ಲೆ ಸವೆದು ನುಣುಪಾಗಿತ್ತು, ಅಂಕಿಯನ್ನು ಬೆರಳಲ್ಲಿ ಮುಟ್ಟಿದರೆ ತಿಳಿಯುತ್ತಿರಲಿಲ್ಲ. ಕೊಕ್ಕೆಯಲ್ಲಿದ್ದದ್ದು ಅಷ್ಟು ಹಳೆಯದಲ್ಲ, ಆದರೆ ಹೊಸದಂತೂ ಅಲ್ಲ. ಅದರ ಬಣ್ಣ ಮಂಕಾಗಿತ್ತು. ತೂತಿನ ಮೇಲಂಚು ಕೊಕ್ಕೆಗೆ ಉಜ್ಜಿ ಉಜ್ಜಿ ತೆಳ್ಳಗಾಗಿತ್ತು.

"ಯಜಮಾನ್ರೇ, ಒಂಬತ್ತು ದಿನಕ್ಕೆ ಹಿತ್ತಾಳೆ ಹೀಗೆ ಸವೀತದಾ?"

ಮೀಸೆ ತೂತಿನ ಅಂಚನ್ನು ಬೆರಳಲ್ಲಿ ಸವರಿದ.

"ನಮ್ಮನೇಲಿ ಹಿತ್ತಾಳೆ ಚಿಲಕ ಇದೆ. ದಿನಕ್ಕೆ ಹತ್ತು ಸಲ ಹಾಕಿ ತೆಗೀತೀವಿ. ಇಷ್ಟು ಸವೆಯೋಕೆ ನಾಲ್ಕು ವರ್ಷ ಹಿಡೀತು."

"ನಂಗೇನ್ ಗೊತ್ತು ಸಾರ್. ಕಂಪನಿ ಮ್ಯಾನೇಜರ್ರು ಕೊಟ್ರು, ನೇತು ಹಾಕಿದ್ವಿ."

ಐವತ್ತೇಳರ ಆಸುಪಾಸಿನ ಗಟ್ಟಿ ಆಳು ಮೀಸೆ. ಮುಖದ ಮೇಲಿನ ಮೀಸೆ ಮಾತ್ರ ಅವನಿಗಿಂತ ಗಟ್ಟಿ. ದೊಡ್ಡಣ್ಣ ಹೋದ ಮೇಲೆ ಇಲ್ಲಿನ ಹಿರಿಯ ಇವನೇ. ಬೆಂಕಿ ಬಿದ್ದರೆ ಆರಿಸುವುದು, ಬೀಳದಿದ್ದರೆ ವಿಮಾನದಿಂದ ಪೆಟ್ಟಿಗೆ ಇಳಿಸುವುದು, ಎರಡೂ ಇವರದೇ ಕೆಲಸ. ಬೆಂಕಿ ಯಾವತ್ತೂ ಬಿದ್ದಿರಲಿಲ್ಲ, ಹಾಗಾಗಿ ಸೊಂಟ ನೋವು ಎಲ್ಲರಿಗೂ ಇತ್ತು.

ನಿಧಾನಪ್ಪನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಕೆಲಸ ಸುಲಭವಾಗುತ್ತಿತ್ತು. ಈ ಕಟ್ಟಡದಲ್ಲಿ ನಗುನಗುತ್ತಾ ಮಾತಾಡುವವರೆಲ್ಲ ಸುಳ್ಳು ಹೇಳಿದ್ದರು. ಮುಖ ಗಂಟಿಕ್ಕಿಕೊಂಡ ಇವನೊಬ್ಬನಿಗೆ ಮಾತ್ರ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ನಾನು ತಿಳ್ಕೊಂಡಿರೋದು ಹೇಳ್ತೀನಿ, ತಪ್ಪಿದ್ರೆ ತಿದ್ದಿ," ಎಂದ. "ಪ್ರತಿಯೊಬ್ರೂ ಡ್ಯೂಟಿಗೆ ಬಂದ ತಕ್ಷಣ ಅವ್ರ ಬಿಲ್ಲೆ ಕೊಕ್ಕೆಗೆ ಹಾಕ್ಬೇಕು. ಹೋಗುವಾಗ ಜೇಬಿಗೆ ಹಾಕ್ಕೊಂಡು ಮನೆಗೆ ಹೋಗ್ಬೇಕು. ಹೌದಾ?"

"ಹೌದು."

"ವಿಮಾನ ಇಳಿಯೋಕೆ ಮುಂಚೆ ಟವರಿನಿಂದ ಇಲ್ಲಿಗೆ ಫೋನ್ ಬರ್ತದೆ. ಎಷ್ಟು ಬಿಲ್ಲೆ ಅಂತ ಕೇಳ್ತಾರೆ. ನೀವು ಹಲಗೆ ನೋಡಿ ಐದು ಅಂದ್ರೆ ವಿಮಾನ ಇಳೀಬಹುದು. ನಾಲ್ಕು ಅಂದ್ರೆ ಇಳಿಯೋ ಹಾಗಿಲ್ಲ, ಬೇರೆ ಊರಿಗೆ ಹೋಗ್ಬೇಕು."

"ರೂಲ್ಸ್ ಹಾಗಿದೆ."

"ಐದು ಅಂತ ಎಷ್ಟು ವರ್ಷದಿಂದ ಹೇಳ್ತಿದೀರಿ?"

"ಸೇರಿದಾಗಿನಿಂದ."

"ನಾಲ್ಕು ಅಂತ ಎಷ್ಟು ಸಲ ಹೇಳಿದೀರಿ?"

ಮೀಸೆ ಕಿಟಕಿಯಾಚೆ ನೋಡಿದ. ಹೊರಗೆ ಕೆಂಪು ಫೈರ್ ಗಾಡಿ ಬಿಸಿಲಿಗೆ ಕಾಯುತ್ತಿತ್ತು. ಅದರ ನೆರಳಿನಲ್ಲಿ ಮೂವರು ಸಮವಸ್ತ್ರದವರು ಬೂಟು ಬಿಚ್ಚಿಟ್ಟು ಕೂತಿದ್ದರು.

"ಅಲ್ಲಿ ಮೂರು ಜನ, ಇಲ್ಲಿ ನೀವು," ನಿಧಾನಪ್ಪ ಹೇಳಿದ. "ನನ್ನ ಲೆಕ್ಕಕ್ಕೆ ನಾಲ್ಕು. ಹಲಗೆ ಮೇಲೆ ಐದು ಬಿಲ್ಲೆ ಇತ್ತು, ನಾನೀಗ ಒಂದು ತೆಗೆಯೋವರೆಗೆ. ಐದನೆಯವ್ರು ಎಲ್ಲಿ?"

"ಜ್ವರ. ಮನೇಲಿದಾನೆ."

ಹೇಳಿದ ಮೇಲೆ ಮೀಸೆಗೇ ಗೊತ್ತಾಯಿತು, ಏನು ಹೇಳಿದೆನೆಂದು. ಅವನು ಗೋಡೆಗೆ ಒರಗಿದ. ಆಮೇಲೆ ಬೀರುವಿನ ಮೇಲಿನ ತಗಡಿನ ಡಬ್ಬಿ ಇಳಿಸಿ, ಮುಚ್ಚಳ ತೆಗೆದು ಮೇಜಿನ ಮೇಲಿಟ್ಟ. ಒಳಗೆ ಮೂರು ಬಿಲ್ಲೆಗಳಿದ್ದವು. ಒಂದು, ನಾಲ್ಕು, ಐದು.

"ಎರಡನೇದು ಈಗ ಹಲಗೆ ಮೇಲಿದೆ, ಜ್ವರದವ್ನದು," ಎಂದ. "ಮೂರನೇದು ಹೊಸಬನಿಗೆ ಕೊಟ್ವಿ. ಐವತ್ತು ಪ್ರಶ್ನೆ ಕೇಳೋ ಬದಲು ನೇರವಾಗಿ ಕೇಳಿ ಸಾರ್. ನಂಗೂ ಸಾಕಾಗಿದೆ."

"ಯಾರು ಮಾಡ್ಸಿದ್ದು ಇವನ್ನ?"

"ದೊಡ್ಡಣ್ಣಾನೇ."

ಇದನ್ನು ನಿಧಾನಪ್ಪ ನಿರೀಕ್ಷಿಸಿರಲಿಲ್ಲ.

"ಕಂಪನಿ ಬಂದ ಮೊದಲ ವರ್ಷ," ಮೀಸೆ ಹೇಳಿದ. "ಮುಂಚೆ ನಗರಸಭೆ ನಡೆಸ್ತಿದ್ದಾಗ ಏಳು ಜನ ಇದ್ವಿ. ಒಬ್ರ ಮನೇಲಿ ಹೆರಿಗೆ, ಒಬ್ರ ಮನೇಲಿ ಸಾವು, ಹೇಗೋ ತೂಗ್ತಿತ್ತು. ಕಂಪನಿ ಬಂದು, ರೂಲ್ಸ್ ಐದು ಅಂತಿದೆ, ಐದೇ ಸಾಕು ಅಂತು. ಮನುಷ್ಯನಿಗೆ ಜ್ವರ ಬರಲ್ವಾ ಸಾರ್? ಒಂದಿನ ಒಬ್ಬ ಬರ್ಲಿಲ್ಲ, ನಾಲ್ಕು ಅಂದ್ವಿ. ವಿಮಾನ ವಾಪಸ್ ಹೋಯ್ತು. ಅದರಲ್ಲಿ ಒಬ್ಬಳು ಆಪರೇಷನ್ನಿಗೆ ಬರ್ತಿದ್ದ ಹೆಂಗಸು, ಎಂಟು ಗಂಟೆ ತಡವಾಗಿ ರಸ್ತೆಯಲ್ಲಿ ಬಂದ್ಳು. ಉಳೀಲಿಲ್ಲ. ದೊಡ್ಡಣ್ಣ ಒಂದು ವಾರ ಸರಿಯಾಗಿ ಊಟ ಮಾಡ್ಲಿಲ್ಲ. ಆಮೇಲೆ ಈ ಡಬ್ಬಿ ಬಂತು. ಯಾರಾದ್ರೂ ಬರ್ಲಿಲ್ಲ ಅಂದ್ರೆ ಅವನ ಜೋಡಿ ಬಿಲ್ಲೆ ನೇತು ಹಾಕಿ, ನಾಲ್ಕು ಜನ ಐದು ಜನದ ಕೆಲ್ಸ ಮಾಡೋಣ, ಜನಕ್ಕೆ ತೊಂದ್ರೆ ಬೇಡ ಅಂದ."

"ಮ್ಯಾನೇಜರ್‌ಗೆ ಗೊತ್ತಿತ್ತಾ?"

"ವರ್ಷದಲ್ಲಿ ಒಂದಿನಾನೂ ನಾಲ್ಕು ಅಂತ ಬರಲ್ಲ ಅಂದ್ರೆ ಯಾರಿಗೆ ಗೊತ್ತಾಗಲ್ಲ ಹೇಳಿ. ಎಲ್ರೂ ಕಣ್ಣು ಮುಚ್ಕೊಂಡ್ರು. ವರ್ಷಾ ವರ್ಷಾ ನಮ್ಗೆ ಒಂದು ಸರ್ಟಿಫಿಕೇಟ್ ಬೇರೆ ಕೊಡ್ತಾರೆ. ಅದೋ, ಅಲ್ಲಿದೆ."

ಸರ್ಟಿಫಿಕೇಟು ಹಲಗೆಯ ಪಕ್ಕದಲ್ಲೇ ಇತ್ತು, ಗಾಜು ಹಾಕಿಸಿ. ನಿಧಾನಪ್ಪ ಅದನ್ನು ಓದುವ ಗೋಜಿಗೆ ಹೋಗಲಿಲ್ಲ.

"ಸರಿ. ಆ ದಿನಕ್ಕೆ ಬನ್ನಿ," ಎಂದ. "ಎಷ್ಟು ಹೊತ್ತಿಗೆ ಬಂದ್ರಿ?"

"ಐದೂವರೆಗೆ. ದಿನಾ ದೊಡ್ಡಣ್ಣ ಐದಕ್ಕೇ ಬಂದು ಬಾಗಿಲು ತೆಗೆದು, ಟೀ ಕಾಯಿಸಿಟ್ಟಿರೋನು. ಅವತ್ತು ಬೀಗ ಹಾಕಿತ್ತು. ನನ್ನ ಹತ್ರ ಇನ್ನೊಂದು ಕೀ ಇತ್ತು, ತೆಗೆದೆ."

"ಅವ್ರು ಬಂದಿಲ್ಲ ಅಂತ ಗೊತ್ತಿತ್ತು."

"ಎಲ್ಲೋ ತಡ ಆಯ್ತು ಅಂದ್ಕೊಂಡೆ. ಹತ್ತು ವರ್ಷಕ್ಕೆ ಒಂದಿನ ತಡ ಆಗಬಾರ್ದಾ? ಆರೂ ಹತ್ತಕ್ಕೆ ಟವರಿನಿಂದ ಫೋನ್ ಬರ್ತದೆ. ಅವ್ನ ಹೆಸರು ಕೆಡಬಾರದು ಅಂತ..."

"ಡಬ್ಬಿಯಿಂದ ಮೂರನೇ ನಂಬರ್ ತೆಗೆದು ಹಾಕಿದ್ರಿ."

"ಹಾಕಿದೆ."

"ರಿಜಿಸ್ಟರಲ್ಲಿ ಐದು ಗಂಟೆಗೆ ಬಂದ ಅಂತ ಬರೆದ್ರಿ."

"ದಿನಾ ಬರೀತಿದ್ದ ಟೈಮು ಸಾರ್. ಕೈ ತಾನಾಗೇ ಬರೀತು."

ಆ ರಿಜಿಸ್ಟರಿನ ಪುಟ ನಿಧಾನಪ್ಪನ ಚೀಲದಲ್ಲೇ ಇತ್ತು. ಐದು ಸಾಲು, ಐದು ಸಹಿ. ಮೂರನೆಯ ಸಹಿ ಉಳಿದವುಗಳಿಗಿಂತ ಅಚ್ಚುಕಟ್ಟಾಗಿತ್ತು. ಇನ್ನೊಬ್ಬರ ಸಹಿ ಹಾಕುವವರು ತಮ್ಮದಕ್ಕಿಂತ ಜಾಗ್ರತೆಯಿಂದ ಹಾಕುತ್ತಾರೆ.

"ಯಜಮಾನ್ರೇ, ಈಗ ನಾನು ಹೇಳೋದನ್ನ ಗಮನ ಇಟ್ಟು ಕೇಳಿ. ಡಾಕ್ಟರು, ಐದರಿಂದ ಏಳರ ಒಳಗೆ ಯಾವಾಗಲೋ ಪ್ರಾಣ ಹೋಗಿದೆ ಅಂದ್ರು. ಪೊಲೀಸ್ರು ನಿಮ್ಮ ಹಲಗೆ ನೋಡಿದ್ರು. ಐದಕ್ಕೆ ಬಂದಿದಾನೆ, ಆರೂ ಹತ್ತಕ್ಕೂ ಬಿಲ್ಲೆ ನೇತಾಡ್ತಿದೆ, ಅಂದ್ರೆ ಆರೂ ಹತ್ತರವರೆಗೆ ಬದುಕಿದ್ದ ಅಂದ್ಕೊಂಡ್ರು. ಆರೂ ಹತ್ತರಿಂದ ಆರೂ ಇಪ್ಪತ್ತರ ತನಕ ರನ್‌ವೇ ಮೇಲಿದ್ದ ಗಾಡಿ ಒಂದೇ, ಗುಬ್ಬಿಯ ಜೀಪು. ಹುಡುಗ ಒಳಗೆ ಹೋದ."

ಮೀಸೆ ಡಬ್ಬಿಯ ಮುಚ್ಚಳ ಹಾಕಿದ.

"ದೊಡ್ಡಣ್ಣ ಬಿಲ್ಲೆ ಹಾಕ್ಲೇ ಇಲ್ಲ. ಅದು ಜೇಬಲ್ಲೇ ಇತ್ತು. ಅಂದ್ರೆ ಅವ್ರು ಇಲ್ಲಿಗೆ ಬರ್ಲೇ ಇಲ್ಲ. ಗೇಟಿನ ಪುಸ್ತಕದ ಪ್ರಕಾರ ನಾಲ್ಕೂ ಐವತ್ತಕ್ಕೆ ಮುಖ್ಯ ಗೇಟು ದಾಟಿದಾರೆ, ಐದೂವರೆಗೆ ನೀವು ಬಂದಾಗ ಇಲ್ಲಿ ಬೀಗ. ಆ ಮಧ್ಯದಲ್ಲೇ ಸತ್ತಿದಾರೆ. ಗುಬ್ಬಿ ಗೇಟಿಗೆ ಬಂದಿದ್ದು ಐದೂ ಐವತ್ತೈದಕ್ಕೆ. ಜೀಪು ಹಿಂದಿನ ಸಂಜೆಯಿಂದ ಶೆಡ್ಡಲ್ಲಿ ನಿಂತಿತ್ತು, ಕೀ ಅದರಲ್ಲೇ ಇತ್ತು, ಯಾರು ಬೇಕಾದ್ರೂ ಓಡಿಸಬಹುದಿತ್ತು."

"ಗೊತ್ತು," ಎಂದ ಮೀಸೆ.

"ಏನಂದ್ರಿ?"

"ಗೊತ್ತು ಸಾರ್. ಮೊದಲ ಮೂರು ದಿನ ತಲೇಗೆ ಹೋಗ್ಲಿಲ್ಲ. ಅಳೋದ್ರಲ್ಲೇ ಹೋಯ್ತು. ನಾಲ್ಕನೇ ದಿನ ಪೆಟ್ಟಿಗೆ ಇಳಿಸ್ತಾ ಇದ್ದೆ, ಇದ್ದಕ್ಕಿದ್ದ ಹಾಗೆ ಹೊಳೀತು. ಪೆಟ್ಟಿಗೆ ಕಾಲ ಮೇಲೆ ಬಿತ್ತು. ಅವತ್ತಿನಿಂದ ಕಣ್ಣು ಮುಚ್ಚಿಲ್ಲ ನಾನು."

"ಎಂಟು ದಿನ ಬಾಯಿಗೆ ಬೀಗ ಹಾಕ್ಕೊಂಡು ಕೂತ್ರಿ."

"ಹೇಳಿದ್ರೆ ನಾವು ಐದೂ ಜನ ಮನೆಗೆ. ನಂಗೆ ಇನ್ನು ಮೂರು ವರ್ಷ ಇದೆ. ಹೊರಗೆ ಕೂತಿದಾರಲ್ಲ, ಅವ್ರಿಗೆ ಇಪ್ಪತ್ತು ಇಪ್ಪತ್ತೈದು ವರ್ಷ ಇದೆ. ಸುಳ್ಳು ಬರೆದೋರು ಅಂತ ಹೆಸ್ರು ಬಂದ್ಮೇಲೆ ಯಾರು ಕೆಲ್ಸ ಕೊಡ್ತಾರೆ? ಸತ್ತೋನ ಹೆಸರಿಗೂ ಮಸಿ. ಅವ್ನ ಹೆಂಡ್ತಿ ನನ್ನ ಅಣ್ಣಾ ಅಂತಾಳೆ ಸಾರ್. ಅವಳ ಮುಖ ನೋಡಿ ಹೇಗೆ ಹೇಳ್ಲಿ, ನಿನ್ನ ಗಂಡ ಹತ್ತು ವರ್ಷ ಕಳ್ಳ ಬಿಲ್ಲೆ ಹಾಕಿಸ್ತಿದ್ದ ಅಂತ?"

ಇಂಥ ಪ್ರಶ್ನೆಗಳಿಗೆ ಉತ್ತರ ಇದ್ದಿದ್ದರೆ ಅವನು ಪೊಲೀಸ್ ಇಲಾಖೆಯಲ್ಲಿ ಇನ್ನೂ ಮೇಲಕ್ಕೆ ಹೋಗುತ್ತಿದ್ದ. ಚೀಲದಿಂದ ಬಿಳಿ ಹಾಳೆ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ಮೇಜಿನ ಮೇಲೆ ತಳ್ಳಿದ.

"ಗುಬ್ಬಿಗೂ ಅಕ್ಕ ಇದಾಳೆ," ಎಂದ, ಅಷ್ಟೇ.

ಗುಬ್ಬಿಯ ಅಕ್ಕ ಇದೇ ನಿಲ್ದಾಣದಲ್ಲಿ ನೆಲ ಒರೆಸುವವಳು. ತಾಯಿ ಇಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಈ ಹನ್ನೆರಡು ದಿನ ಒಂದು ದಿನವೂ ಕೆಲಸ ತಪ್ಪಿಸಿರಲಿಲ್ಲ. ಕೆಲಸಕ್ಕೆ ಬಾರದಿದ್ದರೆ ಕೊಲೆಗಾರನ ಅಕ್ಕ ತಲೆ ಮರೆಸಿಕೊಂಡಳು ಎನ್ನುತ್ತಾರೆ ಎಂದು ಅವಳ ಹಟ. ಮೀಸೆ ದಿನಾ ಅವಳು ಒರೆಸಿದ ನೆಲದ ಮೇಲೆ ನಡೆದೇ ಇಲ್ಲಿಗೆ ಬರುತ್ತಿದ್ದ.

ಮೀಸೆ ಪೆನ್ನು ಹಿಡಿದ. ದಿನಾಂಕ ಬರೆದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

ಇಬ್ಬರೂ ಗಡಿಯಾರ ನೋಡಿದರು. ಮೂರೂ ಇಪ್ಪತ್ತು. ಮೂರೂ ನಲವತ್ತರ ವಿಮಾನ ಬರುವ ಹೊತ್ತು.

ಮೀಸೆ ಎತ್ತಿದ. ಟವರಿನ ಹೆಂಗಸಿನ ದನಿ ನಿಧಾನಪ್ಪನಿಗೂ ಕೇಳುವಷ್ಟು ಜೋರಾಗಿತ್ತು. "ಫೈರ್ ಸ್ಟೇಷನ್, ಎಷ್ಟು ಬಿಲ್ಲೆ?"

ಸಾವಿರಾರು ಸಲ ಹೇಳಿದ ಉತ್ತರ. ಮೀಸೆಯ ಬಾಯಿ ಅದನ್ನು ಹೇಳಲು ತೆರೆಯಿತು, ಹಾಗೇ ನಿಂತಿತು. ಅವನು ಹಲಗೆಯತ್ತ ನೋಡಲಿಲ್ಲ. ಕಿಟಕಿಯಾಚೆ ನೆರಳಲ್ಲಿ ಕೂತವರನ್ನು ನೋಡಿದ. ಅವರಲ್ಲೊಬ್ಬ ಏನೋ ಹೇಳಿದ್ದಕ್ಕೆ ಉಳಿದಿಬ್ಬರು ನಗುತ್ತಿದ್ದರು.

ನಿಧಾನಪ್ಪ ನಡುವೆ ಬಾಯಿ ಹಾಕಬಾರದೆಂದು ಪೆನ್ನಿನ ಮುಚ್ಚಳ ತಿರುಗಿಸುತ್ತಾ ಕೂತ.

"ಹಲೋ? ಎಷ್ಟು ಬಿಲ್ಲೆ ಅಣ್ಣಾ?"

"ನಾಲ್ಕು," ಎಂದ ಮೀಸೆ.

ಆ ಕಡೆ ಪೆನ್ನು ಕೆಳಗೆ ಬಿದ್ದ ಸದ್ದು. ಆಮೇಲೆ, "ಇನ್ನೊಂದ್ಸಲ ಹೇಳಿ."

"ನಾಲ್ಕೇ ಜನ ಇದೀವಮ್ಮಾ. ಒಬ್ಬನಿಗೆ ಜ್ವರ."

ರಿಸೀವರ್ ಕೆಳಗಿಟ್ಟ. ಹೆಗಲು ಇಳಿದಿತ್ತು. ಮೂಟೆ ಇಳಿಸಿ ನಿಂತ ಕೂಲಿಯವನ ಹಾಗಿದ್ದ. ಮತ್ತೆ ಪೆನ್ನು ಹಿಡಿದು, ತಲೆ ಎತ್ತದೆ, ಪುಟ ತುಂಬ ಬರೆದ. ಡಬ್ಬಿ, ಜೋಡಿ ಬಿಲ್ಲೆ, ಐದೂವರೆಗೆ ಬಾಗಿಲಿಗಿದ್ದ ಬೀಗ, ತಾನು ಹಾಕಿದ ದೊಡ್ಡಣ್ಣನ ಸಹಿ. ಕೊನೆಗೆ ತನ್ನ ಸಹಿ. ಅದು ಸೊಟ್ಟಸೊಟ್ಟಗೆ ಬಂತು.

ನಿಧಾನಪ್ಪ ಹಾಳೆಯನ್ನು ಮಡಿಸಿ ಅಂಗಿಯ ಒಳಜೇಬಿಗೆ ಸೇರಿಸುತ್ತಿದ್ದಾಗ ವಿಮಾನದ ಸದ್ದು ಕೇಳಿತು. ತಲೆಯ ಮೇಲೆ ಒಂದು ಸುತ್ತು ಬಂದು ದೂರವಾಯಿತು. ಹೊರಗಿದ್ದ ಮೂವರೂ ಎದ್ದು ನಿಂತು ಆಕಾಶ ನೋಡುತ್ತಿದ್ದರು. ಒಬ್ಬನ ಕೈಯಲ್ಲಿ ಬೂಟು ಹಾಗೇ ಇತ್ತು.

ಎರಡೇ ನಿಮಿಷಕ್ಕೆ ಮ್ಯಾನೇಜರ್ ಬಂದ. ಟೈ ಹೆಗಲ ಮೇಲೆ ಹಾರಿತ್ತು. ಕಂಪನಿ ಕಲಿಸಿದ ನಗು ಮಾತ್ರ ಅಲ್ಲೇ ಇತ್ತು, ಮುಖಕ್ಕೆ ಮೊಳೆ ಹೊಡೆದ ಹಾಗೆ.

"ಅರವತ್ತೆರಡು ಪ್ರಯಾಣಿಕರು," ಎಂದ. ಮೀಸೆಗಲ್ಲ, ನಿಧಾನಪ್ಪನಿಗೆ. "ಅರವತ್ತೆರಡು ಜನ ಈಗ ಮೂರು ಗಂಟೆ ದಾರಿಯಾಚೆ ಇಳೀತಾರೆ. ತೃಪ್ತಿ ಆಯ್ತಾ ಸಾರ್?"

"ಜ್ವರ ಬಂದೋನು ನಾನಲ್ಲ," ನಿಧಾನಪ್ಪ ಹೇಳಿದ.

"ಐದು ಜನದಲ್ಲಿ ಒಬ್ರಿಗೆ ಹುಷಾರಿಲ್ಲದಿದ್ರೆ ಆರನೆಯವರನ್ನ ಇಡಬೇಕು ಅಂತ ಕರಾರಲ್ಲಿ ಎಲ್ಲೂ ಇಲ್ಲ. ಬರೆದೋರು ನಿಮ್ಮ ನಗರಸಭೆಯೋರು. ಸಹಿ ಹಾಕಿದೋರೂ ಅವ್ರೇ. ಇನ್ನು ಒಂದೂವರೆ ಗಂಟೆಗೆ ಮತ್ತೆ ಹಾಕೋರೂ ಅವ್ರೇ."

"ಆ ಸಭೇಗೇ ಹೊರಟಿದೀನಿ."

"ಹೋಗಿ ಬನ್ನಿ. ಆದ್ರೆ ಒಂದು ಮಾತು. ನಿಮ್ಮ ಕಾಗದ ಓದಿದ್ಮೇಲೆ ಅವ್ರು ಮೊದಲು ಮಾಡೋದು ಏನು ಗೊತ್ತಾ? ಇವ್ರನ್ನ ಮನೆಗೆ ಕಳಿಸೋದು. ನಮ್ಮನ್ನಲ್ಲ." ಅವನು ಮೀಸೆಯ ಕಡೆ ಗಲ್ಲ ತೋರಿಸಿದ.

ಮಾತು ನಿಜವೇ ಆಗಿತ್ತು. ಒಬ್ಬನನ್ನು ಬಿಡಿಸಲು ಐವರನ್ನು ಬೀದಿಗೆ ತಂದೆನಲ್ಲ ಎಂದು ನಿಧಾನಪ್ಪನಿಗೆ ಎನಿಸಿತು. ಆದರೂ ಅವರಾರೂ ಕೊಲೆಗಾರನೆನ್ನಿಸಿಕೊಂಡು ಲಾಕಪ್ಪಿನಲ್ಲಿ ಕೂತಿರಲಿಲ್ಲ. ಅವನು ಮೀಸೆಯ ತೋಳನ್ನು ಒಮ್ಮೆ ಒತ್ತಿ ಹೊರಬಿದ್ದ.

ಪ್ರಯಾಣಿಕರ ಕಟ್ಟಡದೊಳಗೆ ಗಲಾಟೆ ಎದ್ದಿತ್ತು. ಹೂಗುಚ್ಛ ಹಿಡಿದು ಸ್ವಾಗತಕ್ಕೆ ಬಂದವರು, ಟ್ಯಾಕ್ಸಿಯವರು, ಮೊಮ್ಮಕ್ಕಳನ್ನು ಕಾಯುತ್ತಿದ್ದ ಅಜ್ಜಿ, ಎಲ್ಲರೂ ಕೌಂಟರಿನ ಹುಡುಗಿಯನ್ನು ಮುತ್ತಿದ್ದರು. ಅವಳಿಗೆ ಗೊತ್ತಿದ್ದದ್ದು ಕ್ಷಮಿಸಿ ಎಂಬ ಒಂದೇ ಮಾತು. ನಿಧಾನಪ್ಪ ತಲೆ ತಗ್ಗಿಸಿಕೊಂಡು ಗೋಡೆಯ ಬದಿಯಲ್ಲಿ ನಡೆದ. ನಾಲ್ಕೂ ಹತ್ತರ ಬಸ್ಸು ಸಿಕ್ಕರೆ ನಾಲ್ಕೂ ಮುಕ್ಕಾಲಿಗೆ ನಗರಸಭೆ. ಇವತ್ತೊಂದು ದಿನವಾದರೂ ಎಲ್ಲರಿಗಿಂತ ಮುಂಚೆ ಹೋಗಿ ಕೂರುತ್ತೇನೆ ಎಂದುಕೊಂಡ.

"ಸಾರ್! ಸಾರ್, ನಿಂತ್ಕೊಳಿ!"

ಗುಬ್ಬಿಯ ಅಕ್ಕ. ಒರೆಸುವ ಕೋಲನ್ನು ಕೈಯಲ್ಲಿ ಹಿಡಿದೇ ಓಡಿ ಬಂದಿದ್ದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು. ಏದುಸಿರು ಬಿಡುತ್ತಿದ್ದಳು. ಕಣ್ಣು ಕೆಂಪಾಗಿತ್ತು, ಆದರೆ ಮುಖದಲ್ಲಿ ಈ ಹನ್ನೆರಡು ದಿನ ಕಾಣದಿದ್ದ ಎಂಥದೋ ಉತ್ಸಾಹ.

"ಏನಮ್ಮಾ?"

"ಠಾಣೆಯಿಂದ ಫೋನ್ ಬಂದಿತ್ತು. ನಮ್ಮೋನು ಒಪ್ಕೊಂಡ್ಬಿಟ್ನಂತೆ ಸಾರ್. ನಾನೇ ಗುದ್ದಿದ್ದು ಅಂತ. ಸಹೀನೂ ಹಾಕಿದಾನಂತೆ."

ನಿಧಾನಪ್ಪ ಪಕ್ಕದ ಬೆಂಚಿನ ಬೆನ್ನು ಹಿಡಿದುಕೊಂಡ. ಹೊಡೆದು ಒಪ್ಪಿಸಿದರೇ? ತಾನು ಬಲ್ಲ ಇನ್‌ಸ್ಪೆಕ್ಟರ್ ಆ ಪೈಕಿಯವನಲ್ಲ. ಆದರೂ ಹನ್ನೆರಡು ದಿನ ಒಳಗಿದ್ದ ಹುಡುಗ ಸುಸ್ತಾಗಿ ಏನು ಬೇಕಾದರೂ ಹೇಳಬಹುದು. ಅಂಥವರನ್ನು ಅವನು ನೋಡಿದ್ದ.

"ಹೆದರ್ಬೇಡ," ಎಂದ. "ಅದು ನಿಲ್ಲಲ್ಲ. ನನ್ನ ಹತ್ರ..."

"ಹೆದರಿಲ್ಲ ಸಾರ್ ನಾನು! ಅದನ್ನೇ ಹೇಳೋಕೆ ಓಡಿ ಬಂದೆ." ಅವಳು ದನಿ ತಗ್ಗಿಸಿದಳು. "ಅವ್ನು ಸುಳ್ಳು ಒಪ್ಕೊಂಡಿರೋದು. ಕಣ್ಣಿಗೆ ಹೊಡೆದ ಹಾಗೆ ಗೊತ್ತಾಗ್ತದೆ. ಟೈಮೇ ತಪ್ಪು ಹೇಳಿದಾನೆ!"

"ಟೈಮು?"

"ಎಲ್ರೂ ಆರು ಗಂಟೆ ಮೇಲೆ ಆಗಿದ್ದು ಅಂತಾರಲ್ವಾ? ಪೇಪರಲ್ಲೂ ಹಾಗೇ ಬಂತಲ್ವಾ? ಇವ್ನು ಐದೂಕಾಲು ಅಂದಿದಾನೆ. ಇನ್‌ಸ್ಪೆಕ್ಟರೇ ಎರಡು ಸಲ ಕೇಳಿದ್ರಂತೆ, ಆರೂಕಾಲು ಅಲ್ವೇನೋ ಅಂತ. ಇಲ್ಲ ಸಾರ್, ಐದೂಕಾಲು, ಇನ್ನೂ ಕತ್ತಲಿತ್ತು ಅಂದನಂತೆ. ಬಿಲ್ಲೆ ಗೋಡೆ ಮೇಲಿದ್ದಾಗ ಐದೂಕಾಲಿಗೆ ಹೇಗೆ ಸಾಯ್ತಾನೆ ದೊಡ್ಡಣ್ಣ? ಪೆದ್ದ, ಸುಳ್ಳು ಹೇಳೋಕೂ ಬರಲ್ಲ!" ಅವಳು ನಗುತ್ತಲೇ ಕಣ್ಣೊರೆಸಿಕೊಂಡಳು.

ನಿಧಾನಪ್ಪ ಮನಸ್ಸಿನಲ್ಲೇ ಗಡಿಯಾರ ಹಿಂದಕ್ಕೆ ತಿರುಗಿಸಿದ.

ನಾಲ್ಕೂ ಐವತ್ತಕ್ಕೂ ಐದೂವರೆಗೂ ನಡುವೆ. ಅರ್ಧ ಗಂಟೆಯ ಹಿಂದಷ್ಟೇ ಹೊರಬಿದ್ದ ಸತ್ಯ ಅದು. ಬಲ್ಲವರು ಇಬ್ಬರೇ, ತಾನು ಮತ್ತು ಮೀಸೆ. ಮೂರನೆಯವನಿಗೆ ಅದು ಗೊತ್ತಿರಬೇಕಾದರೆ, ಆ ಕತ್ತಲಲ್ಲಿ ಅವನು ಆ ಹುಲ್ಲಿನ ಮೇಲೆ ನಿಂತಿರಬೇಕು.

ಆದರೆ ಗೇಟಿನ ಪುಸ್ತಕದಲ್ಲಿ ಗುಬ್ಬಿ ಬಂದದ್ದು ಐದೂ ಐವತ್ತೈದಕ್ಕೆ. ಹೌದು, ಪುಸ್ತಕದಲ್ಲಿ. ಈ ಜಾಗದಲ್ಲಿ ಪುಸ್ತಕಗಳನ್ನು ಹೇಗೆ ಬರೆಯುತ್ತಾರೆಂದು ಅವನು ಈಗಷ್ಟೇ ಕಣ್ಣಾರೆ ಕಂಡು ಬಂದಿದ್ದ.

"ಮೀಸೆಯಣ್ಣ ನಿಮ್ಗೆ ಏನೋ ಬರ್ಕೊಟ್ನಂತೆ," ಗುಬ್ಬಿಯ ಅಕ್ಕ ಹೇಳಿದಳು. "ಹೊರಗೆ ಕೂತಿದ್ರಲ್ಲ, ಅವ್ರು ಹೇಳಿದ್ರು. ನಮ್ಮೋನನ್ನ ಬಿಡಿಸೋ ಕಾಗದಾನೇ ಅಲ್ವಾ ಸಾರ್ ಅದು?"

ಬಸ್ಸು ಹೊರಗೆ ಹಾರನ್ ಹೊಡೆಯಿತು. ನಿಧಾನಪ್ಪನ ಕೈ ತಾನಾಗಿಯೇ ಒಳಜೇಬಿನ ಮೇಲೆ ಹೋಗಿ ಕೂತಿತು. ಈ ಹಾಳೆ ಜೇಬಲ್ಲೇ ಉಳಿದರೆ ಐದೂಕಾಲು ಒಬ್ಬ ಹೆದರಿದ ಹುಡುಗನ ತಪ್ಪು ಲೆಕ್ಕ. ಸಭೆಯ ಮುಂದಿಟ್ಟರೆ ಅದೇ ಐದೂಕಾಲು ನಿಜ.

ಅವಳು ಕೋಲನ್ನು ಗೋಡೆಗೆ ಒರಗಿಸಿ, ಎರಡೂ ಕೈ ಜೋಡಿಸಿದಳು.

"ತಡ ಮಾಡ್ಬೇಡಿ ಸಾರ್. ಐದು ಗಂಟೆ ಒಳಗೆ ಕೊಟ್ಬಿಡಿ."